ಬ್ರೇಕ್ ಹಿಡಿಯದೆ ತಿರುವು: ಆರ್ಕೇಡ್ ರೇಸಿಂಗ್ ಗೇಮ್ ಒಳಗೆ ಏನು ನಡೆಯುತ್ತದೆ?

ಕಾರು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿದೆ. ಎದುರಿಗೆ ಬಲಕ್ಕೆ ಕಡಿದಾದ ತಿರುವು. ನಿಜವಾದ ರಸ್ತೆಯಲ್ಲಾದರೆ ತುಂಬಾ ಮೊದಲೇ ಬ್ರೇಕ್ ಒತ್ತಿ, ಗೇರ್ ಇಳಿಸಿ, ವೇಗವನ್ನು ಅರ್ಧಕ್ಕೂ ಕೆಳಗೆ ತರಬೇಕು. ರಿಡ್ಜ್ ರೇಸರ್ ಅನ್ನುವ ಆರ್ಕೇಡ್ ರೇಸಿಂಗ್ ಗೇಮಿನಲ್ಲಿ ಹಾಗಿಲ್ಲ. ಆಕ್ಸಿಲರೇಟರ್ ಗುಂಡಿಯಿಂದ ಬೆರಳನ್ನು ಒಂದು ಕ್ಷಣ ಎತ್ತಿ, ಬಲಕ್ಕೆ ತಿರುಗಿಸಿ, ಮತ್ತೆ ಆಕ್ಸಿಲರೇಟರ್ ಒತ್ತಿದರೆ ಆಯಿತು. ಕಾರಿನ ಮೂತಿ ಒಳಕ್ಕೆ ತಿರುಗುತ್ತದೆ, ಹಿಂಭಾಗ ಹೊರಕ್ಕೆ ಜಾರುತ್ತದೆ, ಟೈರು ಕಿರುಚುತ್ತದೆ. ಕಾರು ಅಡ್ಡಡ್ಡವಾಗಿಯೇ ತಿರುವು ದಾಟಿ ಹೊರಬರುತ್ತದೆ. ವೇಗ ಹೆಚ್ಚೇನೂ ಇಳಿದಿರುವುದಿಲ್ಲ.

ನಿಜದಲ್ಲಿ ಹೀಗಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಆಡುವಾಗ ಎಲ್ಲೂ ತಪ್ಪು ಅನಿಸುವುದಿಲ್ಲ, ಅಲ್ವಾ? ಆರ್ಕೇಡ್ ರೇಸಿಂಗ್ ಅಂದರೆ ಫಿಸಿಕ್ಸ್ ಕಿತ್ತುಹಾಕಿದ ಸುಲಭದ ಆಟ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಆಟಗಳಲ್ಲೂ ನಿಯಮಗಳಿವೆ, ಅವೂ ಬಹಳ ಬಿಗಿಯಾದವು. ನಿಜವಾದ ಕಾರಿನ ನಿಯಮದಿಂದ ಆಟ ಎಲ್ಲೆಲ್ಲಿ ದೂರ ಸರಿಯುತ್ತದೋ ಅಲ್ಲೆಲ್ಲ ಒಂದು ಕಾರಣ ಇರುತ್ತದೆ. ಹೆಬ್ಬೆರಳಿನ ಮಿತಿ, ಟಿವಿ ಪರದೆಯ ಮಿತಿ, ಯಂತ್ರದ ಮೆಮೊರಿಯ ಮಿತಿ. ಆ ಕಾರಣಗಳನ್ನು ಒಂದೊಂದಾಗಿ ನೋಡಿದರೆ ಒಳ್ಳೆಯ ಆರ್ಕೇಡ್ ರೇಸರ್ ಮಾಡುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ನಾಣ್ಯದ ಯಂತ್ರದಿಂದ ಮನೆಯ ಟಿವಿಗೆ

ಈ ಬಗೆಯ ಆಟ ಬೆಳೆದದ್ದು ಆರ್ಕೇಡ್ ಯಂತ್ರಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ. ನಾಮ್ಕೊ ಕಂಪನಿಯ ಪೋಲ್ ಪೊಸಿಷನ್ 1982ರಲ್ಲಿ ಬಂತು. ಸೆಗಾದ ಯು ಸುಜುಕಿ ಮಾಡಿದ ಔಟ್ ರನ್ 1986ರಲ್ಲಿ ಬಂತು. ಅಂಥ ಯಂತ್ರಕ್ಕೆ ಒಂದು ವ್ಯಾಪಾರದ ಲೆಕ್ಕ ಇತ್ತು. ಒಂದು ನಾಣ್ಯಕ್ಕೆ ಕೆಲವೇ ನಿಮಿಷದ ಆಟ, ಆಮೇಲೆ ಮುಂದಿನವರಿಗೆ ಜಾಗ. ಹಾಗಾಗಿ ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿರುತ್ತವೆ. ಚೆಕ್‌ಪಾಯಿಂಟ್ ಮುಟ್ಟಿದರೆ ಒಂದಿಷ್ಟು ಸಮಯ ಸಿಗುತ್ತದೆ, ಇಲ್ಲದಿದ್ದರೆ ಆಟ ಮುಗಿಯಿತು. ಕಲಿಯಲು ಯಾರಿಗೂ ಪುರುಸೊತ್ತು ಇರಲಿಲ್ಲ. ಮೊದಲ ಹತ್ತು ಸೆಕೆಂಡಿನಲ್ಲೇ ಖುಷಿ ಸಿಗಬೇಕಿತ್ತು.

ಔಟ್ ರನ್ ಈ ಬಿಗಿ ಲೆಕ್ಕದೊಳಗೇ ಒಂದು ಚಂದದ ಉಪಾಯ ಹುಡುಕಿತು. ಪ್ರತಿ ಹಂತದ ಕೊನೆಯಲ್ಲಿ ರಸ್ತೆ ಎರಡಾಗಿ ಕವಲೊಡೆಯುತ್ತದೆ. ಒಂದು ಸಲ ಆಡಿದರೆ ಐದು ಹಂತ ಮಾತ್ರ ನೋಡಬಹುದು, ಆದರೆ ಒಟ್ಟು ಹಂತಗಳು 15, ಕೊನೆಗಳು ಐದು. ಆಟ ಚಿಕ್ಕದೇ, ಆದರೂ ಮತ್ತೆ ಮತ್ತೆ ಆಡಿಸುವಷ್ಟು ದೊಡ್ಡದು.

ಇದೇ ಆಟಗಳನ್ನು ಮನೆಗೆ ತರುವಾಗ ಎರಡು ತೊಂದರೆ ಎದುರಾದವು. ಒಂದು, ಯಂತ್ರದಲ್ಲಿ ಸ್ಟೀರಿಂಗ್, ಪೆಡಲ್, ಕೆಲವೊಮ್ಮೆ ಅಲುಗಾಡುವ ಸೀಟು ಕೂಡ ಇರುತ್ತಿತ್ತು. ಮನೆಯಲ್ಲಿ ಇದ್ದದ್ದು ಕೈಯಲ್ಲಿ ಹಿಡಿಯುವ ಪುಟ್ಟ ಕಂಟ್ರೋಲರ್. ಎರಡು, ಆ ಯಂತ್ರದೊಳಗಿನ ದುಬಾರಿ ಹಾರ್ಡ್‌ವೇರ್‌ನ ಶಕ್ತಿ ಮನೆಯ ಕನ್ಸೋಲಿಗೆ, ಅಂದರೆ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಗೆ, ಇರಲಿಲ್ಲ.

ಹಾರ್ಡ್‌ವೇರ್ ಆಟದ ಆಕಾರವನ್ನು ಹೇಗೆ ತೀರ್ಮಾನಿಸುತ್ತದೆ ಅನ್ನುವುದಕ್ಕೆ ಎಫ್-ಜೀರೋ ಒಳ್ಳೆಯ ಉದಾಹರಣೆ. ಅದು 1990ರಲ್ಲಿ ಸೂಪರ್ ನಿಂಟೆಂಡೊ ಜೊತೆಗೇ ಜಪಾನಿನಲ್ಲಿ ಬಂದ ಗೇಮ್. ಆ ಕನ್ಸೋಲಿನಲ್ಲಿ ಮೋಡ್ 7 ಅನ್ನುವ ಸೌಲಭ್ಯ ಇತ್ತು. ಒಂದು ಚಪ್ಪಟೆ ಚಿತ್ರವನ್ನು ತಿರುಗಿಸಬಹುದು, ಹಿಗ್ಗಿಸಬಹುದು, ಕುಗ್ಗಿಸಬಹುದು. ಚಿತ್ರದ ಪ್ರತಿ ಸಾಲನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿಸಿದರೆ ನೆಲ ದೂರದವರೆಗೆ ಚಾಚಿಕೊಂಡಂತೆ ಕಾಣುತ್ತದೆ. ಇಡೀ ಟ್ರ್ಯಾಕ್ ಒಂದೇ ಚಪ್ಪಟೆ ಚಿತ್ರ. ಅದಕ್ಕೇ ಎಫ್-ಜೀರೋದಲ್ಲಾಗಲಿ, 1992ರ ಸೂಪರ್ ಮಾರಿಯೋ ಕಾರ್ಟ್‌ನಲ್ಲಾಗಲಿ ಏರು ಇಳಿಜಾರು ಇರಲಿಲ್ಲ. ರಸ್ತೆ ಮೇಲೆ ಕೆಳಗೆ ಹೋಗುವಂತಿಲ್ಲದಿದ್ದಾಗ ಇಡೀ ರೋಚಕತೆ ತಿರುವಿನಲ್ಲೇ ಬರಬೇಕಾಯಿತು.

ನಾಲ್ಕು ವರ್ಷ ಕಳೆದ ಮೇಲೆ, 1994ರ ಡಿಸೆಂಬರ್ 3ರಂದು, ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಜೊತೆ ರಿಡ್ಜ್ ರೇಸರ್ ಬಂತು. ಒಂದು ವರ್ಷ ಹಿಂದಿನ ಆರ್ಕೇಡ್ ಯಂತ್ರದ ಆಟವನ್ನು 2 ಮೆಗಾಬೈಟ್ ಮುಖ್ಯ ಮೆಮೊರಿಯ ಪೆಟ್ಟಿಗೆಗೆ ಇಳಿಸಿದ್ದರು. ಆರ್ಕೇಡ್‌ನಲ್ಲಿ ಸೆಕೆಂಡಿಗೆ 60 ಚಿತ್ರ ಓಡುತ್ತಿದ್ದರೆ ಇಲ್ಲಿ 30. ಆಟ ಲೋಡ್ ಆಗುವಾಗ ಸುಮ್ನೆ ಕಾಯುವ ಬದಲು ನಾಮ್ಕೊದ ಹಳೆಯ ಗ್ಯಾಲಾಕ್ಸಿಯನ್ ಗೇಮಿನ ಒಂದು ತುಣುಕು ಆಡಲು ಸಿಗುತ್ತಿತ್ತು. ಅದರಲ್ಲಿ ಎಲ್ಲ ಶತ್ರುಗಳನ್ನೂ ಹೊಡೆದರೆ ಹೆಚ್ಚಿನ ಕಾರುಗಳು ಸಿಗುತ್ತಿದ್ದವು. ಇನ್ನೊಂದು ವಿಷಯ ನನಗೆ ಈಗಲೂ ಅಚ್ಚರಿ. ಒಮ್ಮೆ ಲೋಡ್ ಆದರೆ ಇಡೀ ಆಟ ಆ 2 ಮೆಗಾಬೈಟಿನಲ್ಲೇ ಕೂತಿರುತ್ತಿತ್ತು. ಡಿಸ್ಕ್ ಹೊರಗೆ ತೆಗೆದು ನಿಮ್ಮಿಷ್ಟದ ಹಾಡಿನ ಸಿಡಿ ಹಾಕಿದರೆ ಆ ಹಾಡುಗಳಿಗೇ ರೇಸ್ ಓಡಿಸಬಹುದಿತ್ತು.

ಇಷ್ಟು ಚಿಕ್ಕ ಮೆಮೊರಿಯಲ್ಲಿ ಇಡೀ ಊರು, ಕಡಲತೀರ ತೋರಿಸುವುದು ಹೇಗೆ? ಮೊದಲಿಗೆ, ಅದರಲ್ಲಿರುವ ಬೇರೆ ಬೇರೆ ಕೋರ್ಸ್‌ಗಳೆಲ್ಲ ಬಹುಪಾಲು ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಅದನ್ನೇ ಹಿಂದುಮುಂದಾಗಿಯೂ ಓಡಿಸಬಹುದು. ಇನ್ನು ದೂರದ ನೋಟ. ದೂರ ಕಂಡಷ್ಟೂ ಕನ್ಸೋಲಿಗೆ ಬಿಡಿಸುವ ಕೆಲಸ ಜಾಸ್ತಿ. ಸುರಂಗ, ಗುಡ್ಡ, ತಿರುವು ಇವೆಲ್ಲ ದೂರವನ್ನು ಮರೆಮಾಡುತ್ತವೆ. ಆ ಕಾಲದ ಆಟಗಳಲ್ಲಿ ಸುರಂಗ ಕಂಡಾಗ ಅದು ಅಂದಕ್ಕೆ ಮಾತ್ರ ಅಲ್ಲಿಲ್ಲ ಅಂತ ನೆನಪಿಡಿ. ಇದು ಸರಿಹೋಗದಿದ್ದರೆ ಏನಾಗುತ್ತದೆ ಅಂತ ತಿಳಿಯಲು 1995ರಲ್ಲಿ ಸೆಗಾ ಸ್ಯಾಟರ್ನ್ ಕನ್ಸೋಲಿಗೆ ಬಂದ ಡೇಟೋನಾ ಯುಎಸ್ಎ ನೋಡಬೇಕು. ಆಟ ತುಂಬಾ ಚೆನ್ನಾಗಿತ್ತು. ಆದರೆ ಗುಡ್ಡಗಳೂ ರಸ್ತೆಯ ತುಂಡುಗಳೂ ಕಣ್ಣೆದುರೇ ತಟ್ಟನೆ ಮೂಡುತ್ತಿದ್ದವು.

ಎರಡು ಬಾಣಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಪ್ಯಾರಾದ ಆ ತಿರುವು ನಿಜದಲ್ಲಿ ಯಾಕೆ ಆಗುವುದಿಲ್ಲ?

ಒಳ್ಳೆಯ ರಸ್ತೆ ಟೈರು ಕಾರನ್ನು ಪಕ್ಕಕ್ಕೆ ಎಳೆಯುವ ಬಲ, ಹೆಚ್ಚುಕಡಿಮೆ ಕಾರಿನ ತೂಕದಷ್ಟು. ಅದಕ್ಕಿಂತ ಜಾಸ್ತಿ ಕೇಳಿದರೆ ಟೈರು ಜಾರುತ್ತದೆ. ಈ ಲೆಕ್ಕದಲ್ಲಿ ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ತಿರುಗಲು ಸುಮಾರು 315 ಮೀಟರ್ ತ್ರಿಜ್ಯದ ತಿರುವು ಬೇಕು. ವೇಗ 100ಕ್ಕೆ ಇಳಿದರೆ ಸುಮಾರು 80 ಮೀಟರ್ ಸಾಕು. ಅರ್ಧ ವೇಗಕ್ಕೆ ಕಾಲು ತ್ರಿಜ್ಯ. ಹಾಗಿದ್ದರೆ 60 ಮೀಟರ್ ತ್ರಿಜ್ಯದ ತಿರುವನ್ನು 200ರ ವೇಗದಲ್ಲೇ ದಾಟಲು ಕಾರಿನ ತೂಕದ ಐದು ಪಟ್ಟಿಗೂ ಹೆಚ್ಚು ಬಲ ಬೇಕು. ರೆಕ್ಕೆಗಳಿಂದ ಗಾಳಿಯ ಒತ್ತಡ ಪಡೆಯುವ ಫಾರ್ಮುಲಾ 1 ಕಾರಿಗೆ ವೇಗದ ತಿರುವುಗಳಲ್ಲಿ ಅಂಥ ಬಲ ಸಿಗುತ್ತದೆ. ಮಾಮೂಲಿ ಕಾರಿಗೆ ಸಿಗುವುದಿಲ್ಲ.

ಇನ್ನೊಂದು ತೊಡಕಿದೆ. ಬ್ರೇಕ್ ಹಿಡಿಯಲೂ ತಿರುಗಲೂ ಬೇಕಾಗುವುದು ಅದೇ ಟೈರಿನ ಅದೇ ಹಿಡಿತ. ಒಂದಕ್ಕೆ ಜಾಸ್ತಿ ಖರ್ಚಾದರೆ ಇನ್ನೊಂದಕ್ಕೆ ಉಳಿಯುವುದಿಲ್ಲ. 1997ರ ಗ್ರ್ಯಾನ್ ಟುರಿಸ್ಮೊದಂಥ, ನಿಜವಾದ ಕಾರನ್ನೇ ಅನುಕರಿಸುವ ಸಿಮ್ಯುಲೇಶನ್ ಆಟಗಳು ಈ ಲೆಕ್ಕವನ್ನೇ ಆಟದ ಜೀವ ಮಾಡಿಕೊಂಡವು. ಎಲ್ಲಿ ಬ್ರೇಕ್ ಹಿಡಿಯಬೇಕು, ಎಷ್ಟು ಬಿಡಬೇಕು ಅನ್ನುವುದನ್ನು ಕಲಿಯುವುದೇ ಅಲ್ಲಿನ ಸುಖ.

ಆರ್ಕೇಡ್ ರೇಸರ್ ಬೇರೆ ದಾರಿ ಹಿಡಿಯುತ್ತದೆ. ಪ್ರತಿ ಆಟವೂ ತನ್ನದೇ ರೀತಿಯಲ್ಲಿ ಮಾಡಿದರೂ ತಿರುಳು ಇಷ್ಟು. ಕಾರಿಗೆ ಎರಡು ಬಾಣ ಇವೆ ಅಂದುಕೊಳ್ಳಿ. ಒಂದು, ಮೂತಿ ನೋಡುತ್ತಿರುವ ದಿಕ್ಕು. ಇನ್ನೊಂದು, ಕಾರು ನಿಜವಾಗಿ ಹೋಗುತ್ತಿರುವ ದಿಕ್ಕು. ನೇರ ರಸ್ತೆಯಲ್ಲಿ ಎರಡೂ ಒಂದೇ. ಸ್ಟೀರಿಂಗ್ ತಿರುಗಿಸಿದಾಗ ಮೂತಿಯ ಬಾಣ ಮೊದಲು ತಿರುಗುತ್ತದೆ, ಚಲನೆಯ ಬಾಣ ಅದರ ಹಿಂದೆ ಬರುತ್ತದೆ. ಎಷ್ಟು ಬೇಗ ಬರುತ್ತದೆ ಅನ್ನುವ ಒಂದೇ ಸಂಖ್ಯೆಯಲ್ಲಿ ಆಟದ ಸ್ವಭಾವ ಬಹುಪಾಲು ಅಡಗಿದೆ.

ಉದಾಹರಣೆಗೆ, ಎರಡು ಬಾಣಗಳ ನಡುವೆ 40 ಡಿಗ್ರಿ ಅಂತರ ಇದೆ ಅನ್ನಿ. ಮಾಮೂಲಿ ಹಿಡಿತದಲ್ಲಿ ಪ್ರತಿ ಫ್ರೇಮಿಗೆ, ಅಂದರೆ ಪರದೆಯಲ್ಲಿ ಮೂಡುವ ಪ್ರತಿ ಚಿತ್ರಕ್ಕೆ, ಅಂತರದ ಮೂರನೇ ಒಂದು ಭಾಗ ಮುಚ್ಚುತ್ತದೆ. ಹತ್ತು ಫ್ರೇಮ್ ಆಗುವಷ್ಟರಲ್ಲಿ ಒಂದು ಡಿಗ್ರಿಯೂ ಉಳಿಯುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಅದು ಒಂದು ಸೆಕೆಂಡಿನ ಆರನೇ ಒಂದು ಭಾಗ. ಕಾರು ಹಳಿಯ ಮೇಲೆ ಇದ್ದಂತೆ ಅನಿಸುತ್ತದೆ. ಈಗ ಆಟಗಾರ ಆಕ್ಸಿಲರೇಟರ್ ಬಿಟ್ಟು ಒತ್ತಿ ಡ್ರಿಫ್ಟ್, ಅಂದರೆ ಅಡ್ಡ ಜಾರುವುದನ್ನು, ಶುರುಮಾಡಿದ. ಆಟ ಆ ಸಂಖ್ಯೆಯನ್ನು ಬದಲಿಸುತ್ತದೆ. ಪ್ರತಿ ಫ್ರೇಮಿಗೆ ಇಪ್ಪತ್ತನೇ ಒಂದು ಭಾಗ ಮಾತ್ರ. ಹತ್ತು ಫ್ರೇಮ್ ಕಳೆದರೂ 24 ಡಿಗ್ರಿ ಉಳಿದಿರುತ್ತದೆ. ಅಷ್ಟೂ ಹೊತ್ತು ಮೂತಿ ಒಂದು ಕಡೆ, ಕಾರು ಹೋಗುವುದು ಇನ್ನೊಂದು ಕಡೆ. ಅದೇ ನಿಮಗೆ ಕಾಣುವ ಡ್ರಿಫ್ಟ್.

ಆದರೆ ಬಾಣದ ಉದ್ದವನ್ನು, ಅಂದರೆ ವೇಗವನ್ನು, ಆಟ ಹೆಚ್ಚು ಮುಟ್ಟುವುದಿಲ್ಲ. ನಿಜವಾದ ಕಾರು ಅಡ್ಡ ಜಾರಿದರೆ ಟೈರು ಉಜ್ಜಿ ವೇಗ ತಿಂದುಹಾಕುತ್ತದೆ. ಇಲ್ಲಿ ಆ ದಂಡ ಇಲ್ಲ, ಇದ್ದರೂ ಕಡಿಮೆ. ಕೆಲವು ಆಟಗಳಂತೂ ತಿರುಗಾಮುರುಗಾ ಮಾಡಿ ಬಹುಮಾನವನ್ನೇ ಕೊಡುತ್ತವೆ. ಮಾರಿಯೋ ಕಾರ್ಟ್ 8ರಲ್ಲಿ ಡ್ರಿಫ್ಟ್ ಎಳೆದಷ್ಟೂ ಚಕ್ರದ ಕಿಡಿ ನೀಲಿಯಿಂದ ಕಿತ್ತಳೆಗೆ ಬದಲಾಗುತ್ತದೆ, ಬಿಟ್ಟ ಕೂಡಲೇ ಕಾರ್ಟ್ ಮುಂದಕ್ಕೆ ಚಿಮ್ಮುತ್ತದೆ.

ಇದೇ ಸಂಖ್ಯೆಯನ್ನು ನೆಲಕ್ಕೆ ತಕ್ಕಂತೆ ಬದಲಿಸಿದರೆ ಇನ್ನೊಂದು ರುಚಿ. 1995ರಲ್ಲಿ ಸ್ಯಾಟರ್ನ್‌ಗೆ ಬಂದ ಸೆಗಾ ರ‍್ಯಾಲಿಯಲ್ಲಿ ಡಾಂಬರಿನ ಮೇಲೆ ಕಾರು ಕಚ್ಚಿಕೊಳ್ಳುತ್ತದೆ, ಮಣ್ಣು ಜಲ್ಲಿಗೆ ಬಂದ ಕೂಡಲೇ ತೇಲುತ್ತದೆ. ತಿರುವಿನ ಮಧ್ಯೆ ನೆಲ ಬದಲಾದಾಗ ನಿಮ್ಮ ಬೆರಳೂ ಬದಲಾಗಬೇಕು. ಇಷ್ಟು ಸರಳ ಉಪಾಯದಿಂದ ಇಷ್ಟು ಆಳದ ಆಟ ಹುಟ್ಟಿದ್ದು ಈ ಬಗೆಯ ಆಟಗಳ ದೊಡ್ಡ ಗೆಲುವು ಅಂತ ನನ್ನ ಅಭಿಪ್ರಾಯ.

ಇಲ್ಲಿ ಮುಖ್ಯವಾದದ್ದು ನಂಬಿಕೆ. ಇಂದು ಕೆಲಸ ಮಾಡಿದ ಡ್ರಿಫ್ಟ್ ನಾಳೆಯೂ ಅದೇ ತಿರುವಿನಲ್ಲಿ ಅದೇ ರೀತಿ ಕೆಲಸ ಮಾಡಬೇಕು. ನಿಯಮ ನಿಜ ಇರಬೇಕಾಗಿಲ್ಲ, ಮಾತು ತಪ್ಪಬಾರದು.

ಹೆಬ್ಬೆರಳಿಗೆ ಹೊಂದಿಸಿದ ಸ್ಟೀರಿಂಗ್

ಮಾಮೂಲಿ ಕಾರಿನ ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸುಮಾರು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗಬೇಕು. ಮೊದಲ ಪ್ಲೇಸ್ಟೇಷನ್ ಜೊತೆ ಬಂದ ಕಂಟ್ರೋಲರ್‌ನಲ್ಲಿ ವಾಲಿಸಿದಷ್ಟೇ ತಿರುಗಿಸುವ ಪುಟ್ಟ ಕಡ್ಡಿ, ಅಂದರೆ ಅನಲಾಗ್ ಸ್ಟಿಕ್ ಕೂಡ ಇರಲಿಲ್ಲ. ಎಡ ಅಥವಾ ಬಲ, ಅಷ್ಟೇ. ನಡುವೆ ಏನೂ ಇಲ್ಲ. ಅಂಥ ಸ್ಟಿಕ್ ಇರುವ ಡ್ಯುಯಲ್‌ಶಾಕ್ ಕಂಟ್ರೋಲರ್ ಬಂದದ್ದು 1997ರಲ್ಲಿ.

ಹಾಗಾಗಿ ಆಟ ನಿಮ್ಮ ಪರವಾಗಿ ಸ್ಟೀರಿಂಗ್ ತಿರುಗಿಸಬೇಕು. ಎಡ ಒತ್ತಿದ ತಕ್ಷಣ ಚಕ್ರ ಪೂರ್ತಿ ತಿರುಗುವುದಿಲ್ಲ. ಫ್ರೇಮಿನಿಂದ ಫ್ರೇಮಿಗೆ ಸ್ವಲ್ಪ ಸ್ವಲ್ಪ ತಿರುಗುತ್ತದೆ, ಬಿಟ್ಟರೆ ತಾನೇ ಮಧ್ಯಕ್ಕೆ ಬರುತ್ತದೆ. ವೇಗ ಹೆಚ್ಚಿದಷ್ಟೂ ಗರಿಷ್ಠ ತಿರುವು ಕಡಿಮೆ. ಇಲ್ಲದಿದ್ದರೆ 200ರ ವೇಗದಲ್ಲಿ ಬೆರಳು ಚೂರು ತಾಗಿದರೂ ಕಾರು ಗೋಡೆಗೆ. ಚೆನ್ನಾಗಿ ಆಡುವವರು ಗುಂಡಿಯನ್ನು ಒತ್ತಿ ಹಿಡಿಯದೆ ಟಕ್ ಟಕ್ ಅಂತ ತಟ್ಟುತ್ತಾರಲ್ಲ, ಅದಕ್ಕೆ ಕಾರಣ ಇದೇ. ತಟ್ಟಿ ಬಿಟ್ಟು ತಟ್ಟಿದರೆ ನಡುವಿನ ಕೋನ ಸಿಗುತ್ತದೆ.

ಗೋಡೆಯ ವಿಷಯದಲ್ಲೂ ಇದೇ ಕರುಣೆ. ಓರೆಯಾಗಿ ತಾಗಿದರೆ ಕಾರು ಉಜ್ಜಿಕೊಂಡು ಮುಂದೆ ಹೋಗುತ್ತದೆ, ನೇರ ಗುದ್ದಿದರೆ ವೇಗ ಹೋಗುತ್ತದೆ. ರಸ್ತೆಯನ್ನೂ ನಿಜಕ್ಕಿಂತ ಅಗಲ ಮಾಡಿರುತ್ತಾರೆ.

ವೇಗ ಇರುವುದು ಮೀಟರಿನಲ್ಲಲ್ಲ

ಸ್ಪೀಡೋಮೀಟರ್ 300 ಅಂತ ತೋರಿಸಿದ ಮಾತ್ರಕ್ಕೆ ವೇಗ ಅನಿಸುವುದಿಲ್ಲ. ಕಣ್ಣಿಗೆ ವೇಗ ಗೊತ್ತಾಗುವುದು ಪಕ್ಕದಲ್ಲಿ ಹಾದುಹೋಗುವ ವಸ್ತುಗಳಿಂದ. ಬಟ್ಟ ಬಯಲಿನಲ್ಲಿ 300 ಕೂಡ ನಿಧಾನ. ಕಂಬಗಳ ಸಾಲಿನ ನಡುವೆ, ಸುರಂಗದ ದೀಪಗಳ ಕೆಳಗೆ 150 ಕೂಡ ಮೈ ಜುಮ್ ಅನಿಸುತ್ತದೆ. ಅದಕ್ಕೇ ರಸ್ತೆ ಬದಿಯಲ್ಲಿ ಬೇಲಿ, ಮರ, ಫಲಕಗಳನ್ನು ಲೆಕ್ಕ ಹಾಕಿ ನೆಡುತ್ತಾರೆ. ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಇಡುತ್ತಾರೆ, ಡಾಂಬರು ಕಣ್ಣಿನ ಕೆಳಗೇ ಓಡಲಿ ಅಂತ. ಬೂಸ್ಟ್, ಅಂದರೆ ಸ್ವಲ್ಪ ಹೊತ್ತು ಹೆಚ್ಚುವರಿ ವೇಗ ಕೊಡುವ ಗುಂಡಿ, ಒತ್ತಿದಾಗ ನೋಟದ ಕೋನ ಅಗಲವಾಗುತ್ತದೆ. ಪಕ್ಕದ ವಸ್ತುಗಳು ಅಂಚಿಗೆ ಎಳೆದುಕೊಂಡು ಹೋಗುತ್ತವೆ, ಕಾರು ಒಂದು ಕ್ಷಣ ಕ್ಯಾಮೆರಾದಿಂದ ದೂರ ಓಡುತ್ತದೆ. ಎಷ್ಟೋ ಸಲ ನಿಜವಾಗಿ ಹೆಚ್ಚಿದ ವೇಗಕ್ಕಿಂತ ಈ ಕ್ಯಾಮೆರಾ ಕೆಲಸವೇ ದೊಡ್ಡದು.

ಫ್ರೇಮ್ ರೇಟ್ ಇಲ್ಲಿ ಯಾಕೆ ಅಷ್ಟು ಮುಖ್ಯ? 200ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 56 ಮೀಟರ್ ಹೋಗುತ್ತದೆ. ಸೆಕೆಂಡಿಗೆ 30 ಚಿತ್ರ ಇದ್ದರೆ ಎರಡು ಚಿತ್ರಗಳ ನಡುವೆ 1.85 ಮೀಟರ್ ಜಿಗಿತ. 60 ಇದ್ದರೆ 93 ಸೆಂಟಿಮೀಟರ್. ಈ ವ್ಯತ್ಯಾಸ ಕಣ್ಣಿಗೂ ಗೊತ್ತಾಗುತ್ತದೆ, ಬೆರಳಿಗೂ ಗೊತ್ತಾಗುತ್ತದೆ.

ಎದುರಾಳಿಗಳು ಯಾವಾಗಲೂ ಬೆನ್ನ ಹಿಂದೆಯೇ ಯಾಕೆ?

ಎಷ್ಟು ಚೆನ್ನಾಗಿ ಓಡಿಸಿದರೂ ಹಿಂದಿನ ಕಾರು ಕನ್ನಡಿಯಲ್ಲೇ ಇರುತ್ತದೆ. ಎರಡು ಸಲ ಗುದ್ದಿಕೊಂಡರೂ ಮುಂದಿನ ಕಾರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಸಿಗುತ್ತದೆ. ಇದಕ್ಕೆ ರಬ್ಬರ್ ಬ್ಯಾಂಡಿಂಗ್ ಅನ್ನುತ್ತಾರೆ. ನಿಮಗೂ ಎದುರಾಳಿಗೂ ನಡುವಿನ ಅಂತರವನ್ನು ಆಟ ಅಳೆಯುತ್ತಲೇ ಇರುತ್ತದೆ. ನೀವು ತುಂಬಾ ಮುಂದೆ ಹೋದರೆ ಹಿಂದಿನವರ ವೇಗ ಸ್ವಲ್ಪ ಹೆಚ್ಚಿಸುತ್ತದೆ, ಹಿಂದೆ ಬಿದ್ದರೆ ಮುಂದಿನವರನ್ನು ನಿಧಾನ ಮಾಡುತ್ತದೆ.

ಉದ್ದೇಶ ಒಳ್ಳೆಯದೇ. ಒಬ್ಬಂಟಿಯಾಗಿ ಖಾಲಿ ರಸ್ತೆಯಲ್ಲಿ ಓಡುವುದು ಬೇಜಾರು. ಆದರೆ ಅತಿಯಾದರೆ ಆಟವೇ ಕೆಡುತ್ತದೆ. ಮೂರು ಲ್ಯಾಪ್‌ಗಳ ರೇಸಿನಲ್ಲಿ ಮೊದಲ ಎರಡು ಲ್ಯಾಪ್‌ಗೆ ಬೆಲೆಯೇ ಇಲ್ಲದಂತಾಗುತ್ತದೆ, ಕೊನೆಯ ತಿರುವು ಮಾತ್ರ ಲೆಕ್ಕಕ್ಕೆ ಬರುತ್ತದೆ. ನಿಮ್ಮದೇ ಮಾದರಿಯ ಕಾರು ನಿಮ್ಮ ಗರಿಷ್ಠ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಪಕ್ಕದಿಂದ ಹಾದುಹೋದರೆ ಸಿಟ್ಟು ಬರುವುದು ಸಹಜ. ಅಲ್ಲಿ ಆಟ ಕೊಟ್ಟ ಮಾತು ಮುರಿದಿರುತ್ತದೆ.

ಮಾರಿಯೋ ಕಾರ್ಟ್ ಈ ಕೆಲಸವನ್ನು ಬಚ್ಚಿಡದೆ ಮಾಡುತ್ತದೆ. ರೇಸಿನ ನಡುವೆ ಐಟಂಗಳು, ಅಂದರೆ ಬಳಸಬಹುದಾದ ಆಯುಧ, ಸಹಾಯಗಳು ಸಿಗುತ್ತವೆ. ಮುಂದಿರುವವರಿಗೆ ಸಾಧಾರಣ ಐಟಂ, ಹಿಂದಿರುವವರಿಗೆ ಬಲವಾದ ಐಟಂ. ಮೊದಲ ಸ್ಥಾನದವರನ್ನು ಹುಡುಕಿಕೊಂಡು ಹೋಗುವ ಮುಳ್ಳಿನ ಚಿಪ್ಪು 1996ರ ಮಾರಿಯೋ ಕಾರ್ಟ್ 64ರಲ್ಲಿ ಬಂತು. ಅದು ತಾಗಿದಾಗ ಬೇಸರ ಆಗುತ್ತದೆ ನಿಜ. ಆದರೆ ಏನಾಯಿತು ಅಂತ ಎಲ್ಲರಿಗೂ ಕಾಣುತ್ತದೆ. ಕದ್ದು ವೇಗ ಹೆಚ್ಚಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಅಪಾಯವೇ ಇಂಧನ

ಮನೆಯ ಕನ್ಸೋಲಿಗಾಗಿಯೇ ಹುಟ್ಟಿದ ಆರ್ಕೇಡ್ ರೇಸರ್‌ಗಳಲ್ಲಿ ನನಗೆ ಬರ್ನ್‌ಔಟ್ ಸರಣಿ ಮೇಲೆ ವಿಶೇಷ ಪ್ರೀತಿ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಕ್ರೈಟೀರಿಯನ್ ಗೇಮ್ಸ್ ಇದನ್ನು 2001ರಲ್ಲಿ ಶುರುಮಾಡಿತು. ರಸ್ತೆಯ ತುಂಬ ಮಾಮೂಲಿ ವಾಹನಗಳು. ಎದುರಿನ ಲೇನಿನಲ್ಲಿ ಓಡಿಸಿದರೆ, ಬೇರೆ ಕಾರನ್ನು ಕೂದಲೆಳೆಯಲ್ಲಿ ತಪ್ಪಿಸಿದರೆ, ಡ್ರಿಫ್ಟ್ ಮಾಡಿದರೆ ಬೂಸ್ಟ್ ತುಂಬುತ್ತದೆ. ಬೂಸ್ಟ್ ಒತ್ತಿದರೆ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಅಪಾಯ ಹೆಚ್ಚು. ಅಪಾಯ ಹೆಚ್ಚಿದರೆ ಮತ್ತೆ ಬೂಸ್ಟ್. ಒಂದಕ್ಕೊಂದು ಕೊಂಡಿ ಹಾಕಿದ ಈ ಚಕ್ರದಲ್ಲಿ ಜಾಣತನದಿಂದ ನಿಧಾನ ಹೋಗುವವರಿಗೆ ಏನೂ ಸಿಗುವುದಿಲ್ಲ.

2004ರ ಬರ್ನ್‌ಔಟ್ 3 ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಎದುರಾಳಿಯನ್ನು ಗೋಡೆಗೋ ಎದುರು ಬರುವ ವಾಹನಕ್ಕೋ ತಳ್ಳಿದರೆ ಅದು ಟೇಕ್‌ಡೌನ್. ಬೂಸ್ಟ್ ತುಂಬುವುದಷ್ಟೇ ಅಲ್ಲ, ಬೂಸ್ಟ್ ಪಟ್ಟಿಯೇ ಉದ್ದವಾಗುತ್ತದೆ. ಹಿಂದಿನ ಸಮಸ್ಯೆಗೂ ಇಲ್ಲಿ ಉತ್ತರ ಸಿಕ್ಕಿತು. ಎದುರಾಳಿ ಬೆನ್ನಿಗೆ ಅಂಟಿಕೊಂಡು ಬಂದರೆ ಕಿರಿಕಿರಿ ಆಗುವುದಿಲ್ಲ, ಯಾಕೆಂದರೆ ಹತ್ತಿರ ಬಂದವನೇ ನಿಮ್ಮ ಬೂಸ್ಟ್. ರಬ್ಬರ್ ಬ್ಯಾಂಡಿಂಗ್ ಅನ್ನು ಆಟಗಾರನೇ ಬಯಸುವಂತೆ ಮಾಡಿದ್ದು ಬಹಳ ದೊಡ್ಡ ವಿನ್ಯಾಸದ ಯೋಚನೆ.

ಗುದ್ದಿದಾಗಲೂ ಆಟ ನಿಲ್ಲುವುದಿಲ್ಲ. ಸಮಯ ನಿಧಾನವಾಗುತ್ತದೆ, ಪಲ್ಟಿ ಹೊಡೆಯುತ್ತಿರುವ ಕಾರನ್ನೇ ಗಾಳಿಯಲ್ಲಿ ಸ್ವಲ್ಪ ತಿರುಗಿಸಿ ಎದುರಾಳಿಯ ದಾರಿಗೆ ಅಡ್ಡ ಹಾಕಬಹುದು. ಸೋತ ಕ್ಷಣದಲ್ಲೂ ಕೈಗೆ ಕೆಲಸ ಇರುತ್ತದೆ. ಇದರಲ್ಲಿ ಇರುವುದೆಲ್ಲ ಕಲ್ಪಿತ ಕಾರುಗಳು, ನಿಜವಾದ ಕಂಪನಿಗಳವಲ್ಲ. ಹಾಗಾಗಿ ಎಷ್ಟು ಜಜ್ಜಿದರೂ ಯಾರ ತಕರಾರೂ ಇಲ್ಲ. ಇಷ್ಟೆಲ್ಲ ಚೂರು, ಕಿಡಿ, ವಾಹನಗಳ ನಡುವೆಯೂ 32 ಮೆಗಾಬೈಟ್ ಮೆಮೊರಿಯ ಪ್ಲೇಸ್ಟೇಷನ್ 2ರಲ್ಲಿ ಸೆಕೆಂಡಿಗೆ 60 ಫ್ರೇಮ್ ಗುರಿ ಇಟ್ಟುಕೊಂಡು ಓಡಿಸಿದರು.

ಆಮೇಲೆ ಈ ಬಗೆಯ ಆಟಗಳಿಗೆ ಕಷ್ಟದ ದಿನಗಳು ಬಂದವು. 2010ರ ಮೇ ತಿಂಗಳಲ್ಲಿ ಬ್ಲರ್ ಮತ್ತು ಸ್ಪ್ಲಿಟ್ ಸೆಕೆಂಡ್ ಎರಡೂ ಬಂದವು. ಎರಡೂ ಒಳ್ಳೆಯ ಆಟಗಳು. ಮರುವರ್ಷವೇ ಅವನ್ನು ಮಾಡಿದ ಎರಡೂ ಸ್ಟುಡಿಯೋಗಳು ಮುಚ್ಚಿದವು. ಫೋರ್ಜಾ ಹೊರೈಝನ್ 2012ರಿಂದ ಅರ್ಧ ನಿಜ, ಅರ್ಧ ಆರ್ಕೇಡ್ ಅನ್ನುವ ದಾರಿಯಲ್ಲಿ ಬೆಳೆಯಿತು. ಮಾರಿಯೋ ಕಾರ್ಟ್ 8 ಡೀಲಕ್ಸ್ 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅಂದರೆ ಇಂಥ ಆಟ ಬೇಡ ಅನ್ನುವವರು ಕಡಿಮೆ.

ಆಡಲು ಕೂರುವ ಮುಂಚೆ ಒಂದು ಕೆಲಸ ಮಾಡಿ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಈಗಿನ ಟಿವಿಗಳು ಚಿತ್ರವನ್ನು ಅಂದಗೊಳಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತವೆ. ಸಿನಿಮಾ ನೋಡುವಾಗ ಅದು ಗೊತ್ತೇ ಆಗುವುದಿಲ್ಲ. ಆದರೆ ಗುಂಡಿ ಒತ್ತಿದ್ದು ಪರದೆಯಲ್ಲಿ ಕಾಣಲು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೆ, 200ರ ವೇಗದಲ್ಲಿ ಕಾರು ಅಷ್ಟರಲ್ಲಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಡ್ರಿಫ್ಟ್ ಯಾವಾಗಲೂ ತಡವಾಗುತ್ತಿದೆ, ಹೊರಗಿನ ಗೋಡೆಗೇ ತಾಗುತ್ತಿದೆ ಅನಿಸಿದರೆ ಬೆರಳನ್ನು ಬೈಯುವ ಮೊದಲು ಇದನ್ನು ನೋಡಿ. ಆಮೇಲೆ ಟೈಮ್ ಟ್ರಯಲ್‌ಗೆ ಹೋಗಿ. ಅಲ್ಲಿ ಎದುರಾಳಿಗಳಿಲ್ಲ, ರಬ್ಬರ್ ಬ್ಯಾಂಡಿಂಗ್ ಇಲ್ಲ. ಒಂದೇ ತಿರುವನ್ನು ಬೇರೆ ಬೇರೆ ಜಾಗದಿಂದ ಜಾರಿಸಿ ನೋಡಿದರೆ ಆ ಆಟದ ಎರಡು ಬಾಣಗಳು ಎಷ್ಟು ಬೇಗ ಕೂಡುತ್ತವೆ ಅನ್ನುವುದು ಕೆಲವೇ ಲ್ಯಾಪ್‌ಗಳಲ್ಲಿ ಕೈಗೆ ಹತ್ತುತ್ತದೆ.